ಭಾಗಾಕಾರದ ಭಾವ
ಹೆಂಡತಿಯ ತಮ್ಮಂದಿರು ಅವನಿಗಿಟ್ಟ ಹೆಸರು ಭಾಗಾಕಾರದ ಭಾವ. ಅದು ತನಗೆ ಸರಿಯಾಗಿ ಒಪ್ಪುತ್ತದೆಂದು ಅವನೇ ಹೇಳಿಕೊಂಡು ನಗುತ್ತಾನೆ. ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವುದು ಅವನ ಕೆಲಸ, ಓದಿದ ಸಂಖ್ಯೆ ಯಾವುದರಿಂದ ಭಾಗವಾಗುತ್ತದೆಂದು ನೋಡದೆ ಗೇಟು ದಾಟದಿರುವುದು ಅವನ ಚಟ. “ಅಮ್ಮಾ, ನಿಮ್ಮ ಮೀಟರ್ ಎಂಬತ್ತಮೂರು ಸಾವಿರದ ಐನೂರ ಇಪ್ಪತ್ತೊಂದಕ್ಕೆ ಬಂದಿದೆ. ಬರೀ ಹದಿನೇಳನ್ನೇ ನಾಲ್ಕು ಸಲ ಇಟ್ಟು ಗುಣಿಸಿದ್ರೆ ಬರೋ ಸಂಖ್ಯೆ ಇದು,” ಎಂದರೆ ಆ ಮನೆಯಾಕೆ, “ಹಾಗಾದ್ರೆ ಫ್ಯಾನ್ ಹಾಕಬಹುದಾ, ಬೇಡವಾ?” ಎನ್ನುತ್ತಾಳೆ. ಹಾಕಿದರೆ ಸಂಖ್ಯೆ ಕೆಡುತ್ತದಲ್ಲ ಎಂದು ಅವನ ಕರುಳು ನಿಜಕ್ಕೂ ಚುರುಕ್ ಎನ್ನುತ್ತದೆ. “ಇಷ್ಟೆಲ್ಲ ಗೊತ್ತು, ಛತ್ರಿ ಯಾರ ಮನೇಲಿ ಬಿಟ್ಟೆ ಅನ್ನೋದೊಂದು ಗೊತ್ತಿಲ್ಲ,” ಎಂದು ಮನೆಗೆ ಬಂದು ತನ್ನನ್ನೇ ಆಡಿಕೊಳ್ಳುತ್ತಾನೆ. ಅವನು ಎಲ್ಲರಿಗೂ ಹೇಳುವ ಕಥೆಯೊಂದಿದೆ. ಹೆಂಡತಿಗೆ ಹೃದಯದ ಆಪರೇಷನ್ ಆದ ದಿನ ಕೈಯಲ್ಲಿದ್ದ ಆಸ್ಪತ್ರೆಯ ಚೀಟಿಯ ಸಂಖ್ಯೆ 1,04,729. ಅದು ಅವಿಭಾಜ್ಯವೋ ಅಲ್ಲವೋ ತಿಳಿಯಲು ಎರಡರಿಂದ ಮುನ್ನೂರ ಹದಿನೇಳರವರೆಗಿನ ಅರವತ್ತಾರು ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಬೇಕು. ಅರವತ್ತೈದು ಮನಸ್ಸಿನಲ್ಲೇ ಮುಗಿದಿದ್ದವು, ಒಂದರಿಂದಲೂ ಭಾಗವಾಗಿರಲಿಲ್ಲ. ಕೊನೆಯ ಮುನ್ನೂರ ಹದಿನೇಳು ಮಾತ್ರ ಉಳಿದಿರುವಾಗ ಡಾಕ್ಟರು ಬಾಗಿಲು ತೆರೆದು ಬಂದರು. “ಒಂದೇ ಒಂದು ಲೆಕ್ಕ ಉಳಿದಿದೆ ಡಾಕ್ಟ್ರೇ, ಆಮೇಲೆ ಹೇಳಿ ಅಂದುಬಿಟ್ಟೆ. ನನ್ನಂಥ ಪೆದ್ದ ಇನ್ನೊಬ್ಬ ಇದ್ದಾನಾ?” ಎಂದು ಅವನು ನಗುವಾಗ, ಗುಣವಾಗಿ ಪಕ್ಕದಲ್ಲೇ ಕೂತಿರುವ ಹೆಂಡತಿ ಮಾತ್ರ ನಗುವುದಿಲ್ಲ. ಆ ಚೀಟಿ ಅವಳ ಬಳಿಯಿದೆ. ಅದರ ಹಿಂಬದಿಯಲ್ಲಿ, ಲೆಕ್ಕದಲ್ಲಿ ಎಂದೂ ತಪ್ಪದವನು, ಮುನ್ನೂರ ಹದಿನೇಳರಿಂದ ಆರು ಸಲ ಭಾಗಿಸಿದ್ದಾನೆ. ಆರು ಸಲವೂ ಬೇರೆ ಬೇರೆ ಶೇಷ ಬಂದಿದೆ.