ಮಾವನವರ ಮೋಟಾರಿಗೆ ನಾನು ಹ್ಯಾಂಡಲ್ ಹೊಡೆದ ದಿನ

ಯುದ್ಧ ಮುಗಿದ ಮರುವರ್ಷ, 1946. ದೀಪಾವಳಿ ಕಳೆದು ಎಂಟು ಹತ್ತು ದಿನವಾಗಿತ್ತು. ಪುಣೆಯ ಸದಾಶಿವ ಪೇಟೆಯಲ್ಲಿ, ಒಂದೇ ಅಂಗಳಕ್ಕೆ ಹಲವು ಸಂಸಾರಗಳಿದ್ದ ಒಂದು ವಾಡೆಯ ಕೆಳಮನೆಯಲ್ಲಿ ನಾವಿದ್ದೆವು. ಅತ್ತೆ, ಮಾವ, ನಮ್ಮ ಯಜಮಾನರು, ನಾನು, ಇಷ್ಟೇ ಜನ; ಮನೆಮಾತು ಕನ್ನಡ. ಮದುವೆಯಾಗಿ ಧಾರವಾಡದ ಕಡೆಯಿಂದ ಬಂದು ನನಗೆ ಮೂರು ವರ್ಷವಾಗಿದ್ದರೂ ಮಾವನವರ ಎದುರು ನಿಂತು ಒಂದು ಮಾತಾಡಿದವಳಲ್ಲ. ಅವರೂ ನನಗೇನಾದರೂ ಹೇಳಬೇಕಾದರೆ ಅತ್ತೆಯ ಮುಖಾಂತರವೇ ಹೇಳುತ್ತಿದ್ದರು. ಆಗಿನ ಮನೆಗಳಲ್ಲಿ ಅದು ಹಾಗೇ.

ಮಾವನವರು ಕಾಲುವೆ ಇಲಾಖೆಯ ಸರ್ವೆಯಲ್ಲಿದ್ದು ನಿವೃತ್ತರಾದವರು. ಶಿರೂರು, ಲೋಣಾವಳಾ ಎಂದು ಸದಾ ತಿರುಗಾಟ. ಆ ತಿರುಗಾಟಕ್ಕೆಂದೇ ಹಿಂದೆಂದೋ ಒಂದು ಮೋಟಾರು ಕೊಂಡಿದ್ದರು. ಮೇಲೆ ಕ್ಯಾನ್ವಾಸ್ ಹೊದಿಕೆ, ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿ ಚಾಲೂ ಮಾಡುವ ಹಳೆಯ ಕಾಲದ ಗಾಡಿ. ಯುದ್ಧದಲ್ಲಿ ಪೆಟ್ರೋಲಿಗೆ ರೇಶನ್ ಬಂದಾಗ ಅದನ್ನು ವಾಡೆಯ ಹಿಂದಿನ ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ಮುಂದೆ ಒಂದು ದಿನ ಅವರಿಗೆ ಲಕ್ವಾ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಮೋಟಾರು ಕೊಟ್ಟಿಗೆಯಲ್ಲಿ ನಿಂತಿತು, ಅವರು ಒಳಕೋಣೆಯಲ್ಲಿ ಕುಳಿತರು. ಊಟಕ್ಕೆ ಕರೆದರೆ ಬರುತ್ತಿದ್ದರು. ಅಷ್ಟು ಬಿಟ್ಟರೆ ಗೋಡೆ ನೋಡುತ್ತ ಕೂರುವುದು.

ಆ ಸೋಮವಾರ ನಮ್ಮ ಯಜಮಾನರು ದಾಮು ಎಂಬ ಮಿಸ್ತ್ರಿಯನ್ನು ಕರೆತಂದರು. ಗಾಡಿ ಓಡುವುದಾದರೆ ಓಡಿಸೋಣ ಎಂಬ ಆಸೆ ಅವರಿಗಿತ್ತು. ಮಿಸ್ತ್ರಿ ಹ್ಯಾಂಡಲ್ ಹಾಕಿ ತಿರುಗಿಸಿದ. ಕದಲಲಿಲ್ಲ. ಮೈಭಾರವನ್ನೆಲ್ಲ ಬಿಟ್ಟು ತುಳಿದ. ಆಗಲೂ ಇಲ್ಲ. "ಎಂಜಿನ್ ಸಂಪಲಂ," ಎಂದು ಕೈ ಝಾಡಿಸಿದ. ಎಂಜಿನ್ ಮುಗಿಯಿತು, ಇನ್ನು ಭಂಗಾರಕ್ಕೆ ಹಾಕುವುದೇ ಸರಿ ಎಂದ. ಮರಾಠಿಯಲ್ಲಿ ಭಂಗಾರ ಎಂದರೆ ಗುಜರಿ. ರವಿವಾರ ಗುಜರಿಯವನನ್ನು ಕರೆತರುವುದೆಂದು ನಿಕ್ಕಿಯಾಯಿತು. ನಮ್ಮವರು ಮಾವನವರನ್ನು ಕೇಳಿದಾಗ ಅವರು, "ನಿನ್ನ ಮನಸ್ಸಿಗೆ ಬಂದಂಗ ಮಾಡು," ಎಂದಷ್ಟೇ ಹೇಳಿ ಮುಖ ತಿರುಗಿಸಿದರು.

ಅಂದು ಮಧ್ಯಾಹ್ನ ಚಹಾ ಇಡಲು ಅವರ ಕೋಣೆಗೆ ಹೋದೆ. ನಮ್ಮವರು ಖಡಕಿಯ ಆಫೀಸಿಗೆ ಹೋಗಿದ್ದರು, ಅತ್ತೆ ಮಲಗಿದ್ದರು. ಮಾವನವರು ಗೋಡೆಗೆ ಹೇಳುವಂತೆ, "ಎಂಜಿನ್ ಹೋಗಿಲ್ಲ ಅದು. ತುಕ್ಕು ಹಿಡಿದು ಕಚ್ಚಿಕೊಂಡದ," ಎಂದರು.

ನನ್ನ ಬಾಯಿಂದ ಮಾತು ತಾನಾಗಿ ಹೊರಬಿತ್ತು. "ನಮ್ಮಪ್ಪನ ಗಿರಣಿ ಎಂಜಿನ್ನೂ ಮಳಿಗಾಲ ಮುಗಿದ ಮ್ಯಾಲೆ ಹಿಂಗೇ ಕಚ್ಚಿಕೋತಿತ್ತರಿ. ಒಳಗ ಚಿಮಣಿ ಎಣ್ಣಿ ಬಿಡ್ತಿದ್ರು."

ನನ್ನ ತವರಿನಲ್ಲಿ ಹಿಟ್ಟಿನ ಗಿರಣಿ. ಆ ಎಂಜಿನ್ನಿನ ಸದ್ದು ಕೇಳುತ್ತಲೇ ಬೆಳೆದವಳು ನಾನು. ಮಾವನವರು ತಿರುಗಿ ನನ್ನನ್ನು ನೋಡಿದರು. ಮೂರು ವರ್ಷದಲ್ಲಿ ಅವರು ನನ್ನನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ಎಷ್ಟು ದಿವಸ ಬಿಡ್ತಿದ್ರು?"

"ಎರಡು ಮೂರು ದಿವಸರಿ."

ಅವರು ಚಹಾ ಕುಡಿಯಲಿಲ್ಲ. ಎಡಗೈಯಿಂದ ಗೋಡೆ ಹಿಡಿದು ಎದ್ದು, "ಪಾನಾ ಎಲ್ಲಿ ಅವ ತೋರಸ್ತೀನಿ, ಬಾ," ಎಂದರು.

ಕೊಟ್ಟಿಗೆಯಲ್ಲಿ ಅವರಿಗೊಂದು ಸ್ಟೂಲ್ ಹಾಕಿಕೊಟ್ಟೆ. ಅವರು ಹೇಳಿದಂತೆ ಪಾನಾ, ಅಂದರೆ ಸ್ಪ್ಯಾನರು, ಹಾಕಿ ಎಂಜಿನ್ನಿನ ತಲೆಯ ಮೇಲಿದ್ದ, ಕಿಡಿ ಹಾರಿಸುವ ನಾಲ್ಕು ಪ್ಲಗ್ ಬಿಚ್ಚಿದೆ. ಅಡುಗೆಮನೆಯ ದೀಪದ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಅದಕ್ಕೆ ಒಂದಿಷ್ಟು ಹರಳೆಣ್ಣೆ ಕೂಡಿಸಿ ನಾಲ್ಕೂ ತೂತಿನಲ್ಲಿ ಸುರಿದೆ. ಚಿಮಣಿ ಎಣ್ಣೆಗೂ ಆಗ ರೇಶನ್. ಸಂಜೆ ಡಬ್ಬಿ ನೋಡಿದ ಅತ್ತೆ, "ಎಣ್ಣಿ ಎಲ್ಲಿಗೆ ಹೋತು?" ಎಂದು ಗದರಿದರು. ಒಳಕೋಣೆಯಿಂದ ಮಾವನವರ ದನಿ ಬಂತು: "ನಾ ಹೇಳಿದ್ದೆ." ಅತ್ತೆ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡಿದರು.

ಮಂಗಳವಾರ, ಬುಧವಾರ ಹಾಗೇ ಕಳೆದವು. ಗುರುವಾರ ಮಧ್ಯಾಹ್ನ ಹ್ಯಾಂಡಲ್ ಹಿಡಿದೆ. "ಜೋರು ಮಾಡಬ್ಯಾಡ. ಹಿಂದ ಒಂದಿಷ್ಟು, ಮುಂದ ಒಂದಿಷ್ಟು," ಎಂದರು ಮಾವನವರು. ಅರ್ಧ ತಾಸು ಹಾಗೆ ಅಲುಗಿಸಿದೆ. ಅಂಗೈ ಕೆಂಪಾಯಿತು. ಇನ್ನು ಆಗದು ಎನ್ನುವಷ್ಟರಲ್ಲಿ ಕಿರ್ ಎಂದು ಒಂದು ಬೆರಳಷ್ಟು ಸರಿಯಿತು. ಆಮೇಲೆ ನಾಲ್ಕು ಬೆರಳಷ್ಟು. ಕೊನೆಗೆ ಪೂರ್ತಿ ಒಂದು ಸುತ್ತು! ಸಂಪಲಂ ಎಂದು ಹೇಳಿ ಹೋದ ಎಂಜಿನ್ ನನ್ನ ಕೈಯಲ್ಲಿ ತಿರುಗುತ್ತಿತ್ತು. ಮಾವನವರು ನಗಲಿಲ್ಲ, ಆದರೆ ಎಡಗೈಯಿಂದ ತೊಡೆ ತಟ್ಟಿಕೊಂಡರು.

ಶುಕ್ರವಾರ ಪೆಟ್ರೋಲಿನ ಸರದಿ. ಟಾಕಿಯಲ್ಲಿ ಉಳಿದಿದ್ದ ಹಳೆಯ ಪೆಟ್ರೋಲು ಅಂಟಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಅದನ್ನೆಲ್ಲ ತೆಗೆದು ಟಾಕಿ ತೊಳೆದೆ. ಮಾವನವರು ನನ್ನಿಂದ ಕಾರ್ಬೊರೇಟರ್ ಬಿಚ್ಚಿಸಿದರು. ಪೆಟ್ರೋಲು ಹಾಯುವ ಸಣ್ಣ ತೂತು ಆ ಅಂಟಿನಿಂದ ಮುಚ್ಚಿಹೋಗಿತ್ತು. ನಾನು ಸೂಜಿ ತರಲು ಎದ್ದರೆ, "ಸೂಜಿ ಹಾಕಿದ್ರ ತೂತು ದೊಡ್ಡದಾಗ್ತದ. ಕಸಬರಿಗಿ ಕಡ್ಡಿ ತಾ," ಎಂದರು. ಕಸಬರಿಗೆಯ ಎಳೆಯಿಂದ ಬಿಡಿಸಿದೆ. ಪಕ್ಕದ ವಾಡೆಯ ಡಾಕ್ಟರರಿಗೆ ಪೆಟ್ರೋಲ್ ಕೂಪನ್ ಸಿಗುತ್ತಿತ್ತು. ಅವರು ಮಾವನವರ ಮೇಲಿನ ಗೌರವಕ್ಕೆ ಎರಡು ಬಾಟಲಿ ಕೊಟ್ಟರು.

ಶನಿವಾರ ಕಿಡಿ ನೋಡಬೇಕಿತ್ತು. ಆ ಗಾಡಿಗೆ ಬ್ಯಾಟರಿಯ ಹಂಗಿಲ್ಲ. ಹ್ಯಾಂಡಲ್ ತಿರುಗಿಸಿದರೆ ಮ್ಯಾಗ್ನೆಟೊ ಎಂಬ ಪೆಟ್ಟಿಗೆ ತಾನೇ ವಿದ್ಯುತ್ತು ಹುಟ್ಟಿಸಿ ಪ್ಲಗ್ಗಿಗೆ ಕಳಿಸಬೇಕು. ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ ಎಂಜಿನ್ನಿನ ಕಬ್ಬಿಣದ ಮೇಲಿಟ್ಟು ತಿರುಗಿಸಿದೆ. ಕಿಡಿ ಇಲ್ಲ. ಮ್ಯಾಗ್ನೆಟೊದ ಮುಚ್ಚಳ ತೆಗೆದು ಒಳಗೆ ಒಂದಕ್ಕೊಂದು ತಾಗುವ ಮುಳ್ಳುಗಳನ್ನು ನಯವಾಗಿ ಉಜ್ಜಿದೆ. ಕಿಡಿ ಇಲ್ಲ. ಇನ್ನೊಂದು ಪ್ಲಗ್ ಹಾಕಿ ನೋಡಿದೆ. ಇಲ್ಲ.

ಮಾವನವರ ಮುಖ ಬಾಡಿತು. "ಮ್ಯಾಗ್ನೆಟೊನೇ ಸತ್ತದ. ನಾಲ್ಕು ವರ್ಷ ಭಾಳ ಆತು. ಬಿಡು, ಮಿಸ್ತ್ರಿ ಹೇಳಿದ್ದೇ ಖರೆ," ಎಂದು ಎದ್ದರು. ಅವರು ಮತ್ತೆ ಆ ಕೋಣೆಗೆ ಹೋಗಿ ಕೂತರೆ ಇನ್ನು ಹೊರಗೆ ಬರುವುದಿಲ್ಲ ಎಂದು ನನಗೆ ಒಳಗೇ ಹೆದರಿಕೆಯಾಯಿತು. ಅವರನ್ನು ಹೇಗಾದರೂ ನಿಲ್ಲಿಸಬೇಕಿತ್ತು. ಕಣ್ಣಿಗೆ ಬಿದ್ದದ್ದನ್ನು ಕೇಳಿದೆ.

"ಮಾವನವರ, ಆ ಮುಂದಿನ ಹಲಗಿ ಮ್ಯಾಲಿನ ಗುಂಡಿ ಯಾತಕ್ಕರಿ?"

"ಅದು ಬಂದ್ ಮಾಡೋ ಗುಂಡಿ. ಅದನ್ನ ಒತ್ತಿದ್ರ ಒಂದು ವೈರಿನ ಹಾದಿ ಹಿಡಿದು ಕರೆಂಟು ಗಾಡಿ ಮೈಗೆ ಇಳದು ಹೋಗ್ತದ. ಪ್ಲಗ್ಗಿಗೆ ಹೋಗೂದಿಲ್ಲ. ಎಂಜಿನ್ ನಿಲ್ತದ."

ನಾನು ಆ ವೈರನ್ನು ಬೆರಳಿನಿಂದ ಹಿಡಿಯುತ್ತ ಹೋದೆ. ಹಲಗೆಯ ಹಿಂದೆ ಮೂಲೆಯಲ್ಲಿ ಇಲಿಯ ಹಿಕ್ಕೆ ಬಿದ್ದಿತ್ತು. ಅಲ್ಲಿ ವೈರಿನ ಮೇಲಿನ ಬಟ್ಟೆ, ರಬ್ಬರು ಯಾವುದೂ ಇಲ್ಲ. ಬರೀ ತಾಮ್ರದ ತಂತಿ ತಗಡಿಗೆ ಅಂಟಿಕೊಂಡು ಕೂತಿತ್ತು.

"ಹಂಗಾರ ಗುಂಡಿ ಒತ್ತದೇನೇ ಇದು ಯಾವಾಗಲೂ ಬಂದ್ ಇದ್ದಂಗ ಅಲ್ಲೇನ್ರಿ? ಇಲ್ಲಿ ಇಲಿ ತಿಂದಾವ. ತಂತಿ ಮೈಗೆ ಹತ್ತ್ಯದ."

ಮಾವನವರು ಬಗ್ಗಿ ಆ ತಂತಿಯನ್ನು ನೋಡಿದರು. ಆಮೇಲೆ, "ಕಿತ್ತು ಹಾಕು ಆ ವೈರು. ಮ್ಯಾಗ್ನೆಟೊದ ಕಡಿಂದನೇ ಕಿತ್ತು ಹಾಕು," ಎಂದರು.

ಕಿತ್ತು ಹಾಕಿದೆ. ಒಂದು ಕೈಯಲ್ಲಿ ಪ್ಲಗ್ಗಿನ ವೈರು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಹ್ಯಾಂಡಲ್ ತಿರುಗಿಸಿಬಿಟ್ಟೆ. ಮೊಣಕೈವರೆಗೆ ಯಾರೋ ಬಡಿಗೆಯಿಂದ ಹೊಡೆದಂತಾಗಿ "ಅಯ್ಯೋ!" ಎಂದು ಕೂಗಿ ಹಿಂದೆ ಬಿದ್ದೆ. ಮಾವನವರು ಗಾಬರಿಯಾಗುವ ಬದಲು ಜೋರಾಗಿ ನಕ್ಕರು. "ಕರೆಂಟ್ ಅದ! ಕರೆಂಟ್ ಅದ!" ನಾನೂ ನೆಲದ ಮೇಲೆ ಕೂತೇ ನಕ್ಕೆ. ಸದ್ದು ಕೇಳಿ ಓಡಿಬಂದ ಅತ್ತೆ, ಮಸಿ ಮೆತ್ತಿದ ಸೊಸೆಯನ್ನೂ ನಗುತ್ತಿರುವ ಗಂಡನನ್ನೂ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

ಅಂದು ಪ್ಲಗ್ಗುಗಳನ್ನು ಹಾಕಿ ಎಷ್ಟು ಸಲ ಹ್ಯಾಂಡಲ್ ಹೊಡೆದರೂ ಎಂಜಿನ್ ಮಾತ್ರ ಹತ್ತಲಿಲ್ಲ. ಅಷ್ಟರಲ್ಲಿ ನಮ್ಮವರು ಬಂದರು. ನನ್ನ ಕೈ ನೋಡಿ ವಿಷಯ ತಿಳಿದು ಸಿಟ್ಟಾದರು. "ಗುಜರಿಯವಗ ಮಾತು ಕೊಟ್ಟೀನಿ. ಈಗ ಇದೇನು ಹುಚ್ಚಾಟ? ಅಪ್ಪಗ ಸುಮ್ಮನೇ ಆಸೆ ಹಚ್ಚಬ್ಯಾಡ," ಎಂದರು. ಆ ಕೊನೆಯ ಮಾತು ನನಗೆ ನಾಟಿತು. ಗಾಡಿ ಚಾಲೂ ಆಗದಿದ್ದರೆ ನಾನು ಮಾವನವರಿಗೆ ಮಾಡಿದ್ದು ಉಪಕಾರವೋ ಅಪಕಾರವೋ ಎಂದು ಚಿಂತೆಯಾಯಿತು.

ರವಿವಾರ ಬೆಳಿಗ್ಗೆ ಗುಜರಿಯವನು ದಾಮು ಮಿಸ್ತ್ರಿಯ ಜೊತೆಗೆ ಎರಡು ಎತ್ತು ಹೊಡೆದುಕೊಂಡು ಬಂದ. ಎಳೆದೊಯ್ಯಲು ಅನುಕೂಲವಾಗಲೆಂದು ಟೈರುಗಳಿಗೆ ಗಾಳಿ ತುಂಬಿ, ಗಾಡಿಯನ್ನು ನೂಕಿ ಅಂಗಳದಲ್ಲಿ ನಿಲ್ಲಿಸಿದರು. ವಾಡೆಯವರೆಲ್ಲ ಕಟ್ಟೆಯ ಮೇಲೆ ಸೇರಿದರು. ಅಷ್ಟರಲ್ಲಿ ಮಾವನವರು ಹೊರಗೆ ಬಂದರು. ಕೋಟು ತೊಟ್ಟು ರುಮಾಲು ಸುತ್ತಿಕೊಂಡಿದ್ದರು.

"ಎತ್ತು ಕಟ್ಟೋಕಿಂತ ಮೊದಲು ಒಮ್ಮೆ ಹ್ಯಾಂಡಲ್ ಹೊಡೀತಾಳ," ಎಂದರು ಮಗನಿಗೆ.

"ಯಾರರಿ ಅಪ್ಪ?"

"ನನ್ನ ಸೊಸಿ."

ಮಿಸ್ತ್ರಿ ನಕ್ಕ. ಮಾವನವರು ಗಾಡಿ ಹತ್ತಿ ಕೂತು ಎಡಗೈಯಿಂದ, ಕಿಡಿ ಹಾರುವ ಹೊತ್ತನ್ನು ಹಿಂದೆ ಮುಂದೆ ಮಾಡುವ ಹಿಡಿಕೆಯನ್ನು ಸರಿಪಡಿಸಿದರು. ನಾನು ಸೆರಗು ಸಿಕ್ಕಿಸಿ ಮುಂದೆ ಹೋದೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಇಟ್ಟು ಹಿಡಿಯಬೇಕು, ಇಲ್ಲದಿದ್ದರೆ ಹ್ಯಾಂಡಲ್ ತಿರುಗಿ ಒದ್ದಾಗ ಮುರಿಯುತ್ತದೆ ಎಂದು ಕಲಿಸಿದ್ದರು. ಹೊಡೆದೆ. ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮತ್ತೆ ಹೊಡೆದೆ, ಅದೂ ಇಲ್ಲ. ಕಟ್ಟೆಯ ಮೇಲೆ ಯಾರೋ ಕಿಸಕ್ಕೆಂದರು. ನಮ್ಮವರು ತಲೆ ತಗ್ಗಿಸಿದರು.

"ಪ್ಲಗ್ ಬಿಚ್ಚು," ಎಂದರು ಮಾವನವರು. ಬಿಚ್ಚಿದೆ. ನಾವು ಸುರಿದ ಎಣ್ಣೆಯಲ್ಲೇ ನಾಲ್ಕೂ ತೊಯ್ದಿದ್ದವು. "ಒದ್ದಿ ಪ್ಲಗ್ಗಿಗೆ ಕಿಡಿ ನಿಲ್ಲೂದಿಲ್ಲ. ಶೆಗಡಿ ಮ್ಯಾಲೆ ಇಡು."

ಓಡಿದೆ. ಅತ್ತೆ ಶೆಗಡಿಯ ಕೆಂಡದ ಮೇಲೆ ಹಾಲು ಇಟ್ಟಿದ್ದರು. ಏನೂ ಕೇಳದೆ ಹಾಲು ಇಳಿಸಿ, ಪ್ಲಗ್ಗುಗಳನ್ನು ತಾವೇ ಚಿಮಟಿಗೆಯಿಂದ ಕೆಂಡದ ಮೇಲೆ ಹೊರಳಿಸಿದರು. ಎಣ್ಣೆ ಚಟಚಟ ಸುಟ್ಟಿತು. "ನಡಿ ನಡಿ, ಆರೂದ್ರಾಗ ಹಾಕು," ಎನ್ನುತ್ತ ಚಿಮಟಿಗೆ ಹಿಡಿದು ನನಗಿಂತ ಮುಂದೆ ಅಂಗಳಕ್ಕೆ ನಡೆದರು. ಸೆರಗಿನಲ್ಲಿ ಹಿಡಿದು ಬಿಸಿ ಬಿಸಿಯಾಗಿಯೇ ನಾಲ್ಕನ್ನೂ ಬಿಗಿದೆ.

ಮೂರನೆಯ ಸಲ ಹೊಡೆದೆ. ಢಬ್ ಎಂದಿತು. ಢಬ್ ಢಬ್ ಎಂದಿತು. ಆಮೇಲೆ ಇಡೀ ಅಂಗಳ ನಡುಗುವಂತೆ ಎಂಜಿನ್ ಹತ್ತಿಕೊಂಡಿತು! ಹರಳೆಣ್ಣೆ ಸುಟ್ಟ ಬಿಳಿ ಹೊಗೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದು. ಎತ್ತುಗಳು ಬೆದರಿ ಹಗ್ಗ ಕಿತ್ತುಕೊಂಡು ಬೀದಿಗೆ ಓಡಿದವು. ಗುಜರಿಯವನು ಅವುಗಳ ಹಿಂದೆ ಓಡಿದ. ಅತ್ತೆ ಚಿಮಟಿಗೆ ಎತ್ತಿ ಹಿಡಿದು, "ಮರಾಠಿಯವರ ಭಂಗಾರ ನಮಗ ಬಂಗಾರ ಆತು ನೋಡ್ರಿ!" ಎಂದು ಕೂಗಿದರು. ದಾಮು ಮಿಸ್ತ್ರಿ ಟೋಪಿ ತೆಗೆದು, "ವಹಿನಿ, ತುಮ್ಹೀ ಜಿಂಕಲಾತ," ಎಂದು ನನಗೆ ಕೈ ಮುಗಿದ. ಅತ್ತಿಗೆ, ನೀವು ಗೆದ್ದಿರಿ ಎಂದು. ನಮ್ಮವರು ಬಂದು ನನ್ನ ಕೈಯಿಂದ ಹ್ಯಾಂಡಲ್ ತೆಗೆದುಕೊಂಡು, "ಕೈ ಸುಟ್ಟದೇನು?" ಎಂದರು. ಸುಟ್ಟಿತ್ತು. ಗೊತ್ತೇ ಆಗಿರಲಿಲ್ಲ.

"ಹತ್ತು ಅಂಬಾ," ಎಂದರು ಮಾವನವರು. ಅವರ ಬಾಯಲ್ಲಿ ನನ್ನ ಹೆಸರು ಅಂದೇ ಮೊದಲು ಕೇಳಿದ್ದು. ಅವರ ಎಡಗೈ ಸ್ಟೇರಿಂಗಿನ ಮೇಲೆ, ಪಕ್ಕದಲ್ಲಿ ಕೂತ ನನ್ನ ಬಲಗೈ ಗೇರಿನ ಮೇಲೆ. ಅವರು "ಈಗ" ಎಂದಾಗ ನಾನು ಗೇರು ಹಾಕುತ್ತಿದ್ದೆ. ಹಿಂದೆ ಅತ್ತೆ, ನಮ್ಮವರು. ಇದ್ದ ಪೆಟ್ರೋಲಿನಲ್ಲಿ ಲಕಡಿ ಪೂಲ್ ಎಂಬ ಸೇತುವೆಯವರೆಗೆ ಹೋಗಿ ಬಂದೆವು. ದಾರಿಯಲ್ಲಿ ಮಾವನವರ ಹಳೆಯ ಆಫೀಸಿನವರೊಬ್ಬರು ಸಿಕ್ಕಿ ಅಚ್ಚರಿಯಿಂದ ನಮ್ಮ ಗಾಡಿಯನ್ನು ಕೈ ಮಾಡಿ ನಿಲ್ಲಿಸಿದರು. ಯಾರು ರಿಪೇರಿ ಮಾಡಿದರು ಎಂದು ಕೇಳಿದರು. ಮಾವನವರು ನನ್ನ ಕಡೆ ತಿರುಗಿ, ಇಡೀ ಬೀದಿಗೆ ಕೇಳುವಂತೆ, "ಈಕಿ. ನಾನು ಸತ್ತದ ಅಂತ ಎದ್ದು ಹೊಂಟಿದ್ದೆ. ಈಕಿ ಬಿಡಲಿಲ್ಲ," ಎಂದರು.

ಮಾವನವರು ಆ ಮೇಲೆ ಆರು ವರ್ಷ ಇದ್ದರು. ದಿನಾ ಅಂಗಳದಲ್ಲಿ ಕೂತು ನನ್ನೊಡನೆ ಮಾತಾಡುತ್ತಿದ್ದರು. ಡ್ರೈವಿಂಗನ್ನೂ ಅವರೇ ಕಲಿಸಿದರು. ನನಗೀಗ ಮೊಮ್ಮಕ್ಕಳಿದ್ದಾರೆ. ಜೀವನದಲ್ಲಿ ಶಾಲು ಹಾರ ಎಂದು ಒಂದೆರಡು ಸನ್ಮಾನಗಳೂ ಆಗಿವೆ. ಆದರೆ ಸುಟ್ಟ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನಡುಬೀದಿಯಲ್ಲಿ ಆ ಮಾತು ಕೇಳಿ ಕೂತಾಗ ಎದೆ ಉಬ್ಬಿದಷ್ಟು ಮತ್ತೆಂದೂ ಉಬ್ಬಲಿಲ್ಲ.