ದೇವರ ಹಾಲಿನ ಪಕ್ಕದ ಜಾಗ

"ಇಂಜೆಕ್ಷನ್ ಮನೆಯಲ್ಲಿ ಎಲ್ಲಿ ಇಡ್ತೀರಿ?" ಎಂದು ಡಾಕ್ಟರ್ ತಮಿಳಿನಲ್ಲಿ ನನ್ನನ್ನು ಕೇಳಿದರು.

ಅದಕ್ಕೂ ಮೊದಲು, ಚೆನ್ನೈನ ನುಂಗಂಬಾಕ್ಕಂನ ಆ ಚರ್ಮದ ಕ್ಲಿನಿಕ್ಕಿನಲ್ಲಿ ನನ್ನ ಗಂಡನನ್ನು ಎಲ್ಲ ಕೇಳಿಯಾಗಿತ್ತು. ತೂಕ ಏರಿದೆಯಾ, ಸಿಗರೇಟು ಸೇದ್ತೀರಾ, ಡೋಸು ತಪ್ಪಿಸಿದ್ರಾ. ಯಾವುದೂ ಇರಲಿಲ್ಲ. ಮೊದಲ ಡೋಸುಗಳನ್ನು ಕ್ಲಿನಿಕ್ಕಿನಲ್ಲೇ ಕೊಟ್ಟಾಗ ಇವರ ಸೋರಿಯಾಸಿಸ್ ಪೂರ್ತಿ ಇಳಿದಿತ್ತು. ಮನೆಯಲ್ಲಿ ನಾನೇ ಚುಚ್ಚಲು ಶುರುಮಾಡಿದ ಮೇಲೆ ಅಂಗೈ ಮತ್ತೆ ಬಿರಿಯಿತು. ಮೈಲಾಪೂರಿನ ನಮ್ಮ ಹೋಟೆಲಿನಲ್ಲಿ ಇವರು ಬಡಿಸುವುದನ್ನೇ ಬಿಟ್ಟಿದ್ದರು. ಈ ಮದ್ದು ಹಿಡಿಯುತ್ತಿಲ್ಲ, ಬೇರೆಯದಕ್ಕೆ ಬದಲಿಸೋಣ ಎಂದು ಡಾಕ್ಟರ್ ಪೆನ್ನು ಎತ್ತಿಕೊಂಡಿದ್ದರು.

ನಮ್ಮ ಅತ್ತೆ ಮಡಿಯವರು. "ಅದನ್ನು ಪ್ರಾಣಿಯ ಜೀವಕೋಶದಿಂದ ಮಾಡ್ತಾರಂತೆ. ದೇವರ ಹಾಲಿಡುವ ಫ್ರಿಜ್ಜಿನಲ್ಲಿ ಬೇಡ ಮಾರಾಯ್ತಿ" ಎಂದಿದ್ದರು. ಅವರ ಹತ್ತಿರ ವಾದ ಯಾಕೆಂದು ನಾನು ಇಂಜೆಕ್ಷನ್ ಪೆಟ್ಟಿಗೆಯನ್ನು ಹೋಟೆಲಿನ ಐಸ್‌ಕ್ರೀಂ ಫ್ರೀಜರಿನಲ್ಲಿ ಇಟ್ಟೆ. ಹೆಚ್ಚು ತಣ್ಣಗಿದ್ದಷ್ಟೂ ಒಳ್ಳೆಯದೆಂದು ನಂಬಿದ್ದೆ. ಚುಚ್ಚುವ ಮೊದಲು ಹೊರಗಿಟ್ಟು ಕರಗಿಸುತ್ತಿದ್ದೆ.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಡಾಕ್ಟರ್ ಪೆನ್ನು ಕೆಳಗಿಟ್ಟರು. ಒಮ್ಮೆ ಹೆಪ್ಪುಗಟ್ಟಿದ ಈ ಮದ್ದು ಕೆಟ್ಟುಹೋದಂತೆಯೇ, ಮತ್ತೆ ಬಳಸಬಾರದು; ಮದ್ದು ಬದಲಿಸುವುದು ಬೇಡ, ಇದನ್ನೇ ಹೊಸದಾಗಿ ಕೊಂಡು ಫ್ರೀಜರಿನಲ್ಲಲ್ಲ, ಫ್ರಿಜ್ಜಿನಲ್ಲಿ ಇಡಿ ಎಂದರು. ಇವರು ನನ್ನ ಕಡೆ ನೋಡಲಿಲ್ಲ. ಅಂಗೈ ನೋಡಿಕೊಂಡು ಕೂತರು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿ, ಫ್ರಿಜ್ಜಿನಲ್ಲಿ ಜಾಗ ಕೇಳಿದೆ. ಅವರು ಎದ್ದು, ಹಾಲಿನ ಪಾತ್ರೆಯನ್ನು ಬದಿಗೆ ಸರಿಸಿ, ಹೊಸ ಪೆಟ್ಟಿಗೆಯನ್ನು ತಾವೇ ಒಳಗಿಟ್ಟರು. ಅದಕ್ಕೆ ಅರೆ ನಿಮಿಷವೂ ಹಿಡಿಯಲಿಲ್ಲ. ಬಾಯಿಬಿಟ್ಟು ಕೇಳಲು ನನಗೆ ಆರು ತಿಂಗಳು ಬೇಕಾಗಿತ್ತು.