ನರ್ಸಮ್ಮ ಕೂಡಿಸಿ ಹೇಳಿದ ಒಂದು ಪೌಂಡು

ಯಾರ್ಕ್‌ಶೈರಿನ ನಮ್ಮ ಕಣಿವೆಯಲ್ಲಿ ಕೂಸು ಹುಟ್ಟಿತೆಂದರೆ, ಹೆಣ್ಣೋ ಗಂಡೋ ಎಂದು ಕೇಳಿದ ಮೇಲೆ ಬರುವ ಪ್ರಶ್ನೆ, ಎಷ್ಟು ಪೌಂಡು. ದೊಡ್ಡವರ ತೂಕ ಸ್ಟೋನಿನಲ್ಲಿ, ಹದಿನಾಲ್ಕು ಪೌಂಡಿಗೆ ಒಂದು ಸ್ಟೋನು. ಕೂಸಿನದು ಮಾತ್ರ ಅರ್ಧ ಕಿಲೋಗೆ ತುಸು ಕಡಿಮೆಯ ಪೌಂಡು, ಅದರ ಹದಿನಾರನೇ ಪಾಲಾದ ಔನ್ಸಿನಲ್ಲೇ. ಗಂಡನನ್ನು ಬೈಯುವಾಗಲೂ ಔನ್ಸೇ: "ಒಂದು ಔನ್ಸ್ ಬುದ್ಧಿ ಇಲ್ಲ ಇವರಿಗೆ."

ಆ ತೂಕಗಳನ್ನು ಮೂವತ್ತು ವರ್ಷ ಹೇಳುತ್ತ ಬಂದವರು ಹೆರಿಗೆ ನರ್ಸ್ ವಿನಿಫ್ರೆಡ್ ಆಲ್ಡರ್ಸನ್. ನಾನು ಅವರ ಕೈಕೆಳಗೆ ಕೆಲಸ ಕಲಿತವಳು. ಅವರು ಮದುವೆಯಾಗದ, ಎತ್ತರದ ಹೆಂಗಸು. ಸೈಕಲ್ಲಿನ ಬುಟ್ಟಿಯಲ್ಲಿ ಕೊಕ್ಕೆಯ ತಕ್ಕಡಿ, ಜೋಲಿ ಕಟ್ಟಲು ಬಿಳಿ ಬಟ್ಟೆ. ಅರ್ಧ ಔನ್ಸನ್ನೂ ಕೂಡಿಸಿ ಹೇಳುವವರಲ್ಲ.

"ಎಂಟು ಅಂದ್ಬಿಡಿ ನರ್ಸಮ್ಮ, ನಮ್ಮ ನಾದಿನಿ ಮಗು ಏಳೂವರೆ" ಎಂದು ಯಾರಾದರೂ ಗೋಗರೆದರೆ, "ಎಂಟು ಬೇಕಿದ್ರೆ ಇನ್ನೊಂದು ವಾರ ಹೊಟ್ಟೇಲೇ ಇಟ್ಕೋಬೇಕಿತ್ತು" ಎನ್ನುತ್ತಿದ್ದರು.

ಅಂಥವರು ಒಮ್ಮೆ ಸುಳ್ಳು ಹೇಳಿದರು. ೧೯೫೨ರ ಫೆಬ್ರವರಿ. ಹಿಮ ಬಿದ್ದು ದಾರಿ ಮುಚ್ಚಿತ್ತು. ಗುಡ್ಡದ ಮೇಲಿನ ಕುರಿಸಾಕಣೆಯ ಮನೆಯ ನೋರಾ ಪೀಕಾಕ್‌ಗೆ ಎಂಟು ತಿಂಗಳು ತುಂಬುವ ಮೊದಲೇ ನೋವು ಕಾಣಿಸಿಕೊಂಡಿತು. ವಿನಿಫ್ರೆಡ್ ಸೈಕಲ್ ಬಿಟ್ಟು ಮೊಣಕಾಲುದ್ದದ ಹಿಮದಲ್ಲಿ ನಡೆದೇ ಹೋದರು. ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು. ತಕ್ಕಡಿಯ ಮುಳ್ಳು ಮೂರು ಪೌಂಡ್ ಒಂದು ಔನ್ಸಿಗೆ ನಿಂತಿತು. ಆಸ್ಪತ್ರೆಗೆ ಒಯ್ಯಲು ದಾರಿಯಿಲ್ಲ. ನೋರಾ ಹಿಂದಿನ ವರ್ಷವೇ ಒಂದು ಮಗುವನ್ನು ಕಳೆದುಕೊಂಡಿದ್ದಳು. ಕಣ್ಣು ಮಿಟುಕಿಸದೆ ನರ್ಸಮ್ಮನ ಮುಖವನ್ನೇ ನೋಡುತ್ತಿದ್ದಳು.

"ಎಷ್ಟಿದೆ?"

"ನಾಲ್ಕು ಪೌಂಡ್ ಒಂದು ಔನ್ಸ್" ಎಂದರು ವಿನಿಫ್ರೆಡ್. "ನಾಲ್ಕು ದಾಟಿದ ಕೂಸು ಗಟ್ಟಿ ಕಣಮ್ಮ. ಉಳ್ಕೊಳ್ಳುತ್ತೆ."

ರಿಜಿಸ್ಟರಿನಲ್ಲಿ ಮಾತ್ರ ನಿಜವನ್ನೇ ಬರೆದರು. ಒಲೆಯ ಪಕ್ಕ ಮೇಜಿನ ಡ್ರಾಯರಿನಲ್ಲಿ ಹತ್ತಿ ಹಾಸಿ, ಬಿಸಿನೀರಿನ ಚೀಲಗಳನ್ನಿಟ್ಟು ಮಗುವನ್ನು ಮಲಗಿಸಿದರು. ತಾಯಿಯ ಹಾಲನ್ನು ಹಿಂಡಿ ತೊಟ್ಟು ತೊಟ್ಟಾಗಿ ಬಾಯಿಗೆ ಬಿಟ್ಟರು. ಒಂಬತ್ತು ದಿನ ಅಲ್ಲೇ ಉಳಿದರು. ಮಗು ಉಳಿಯಿತು. ಹೇಝಲ್ ಎಂದು ಹೆಸರಿಟ್ಟರು.

ಇಪ್ಪತ್ತಮೂರು ವರ್ಷದ ಮೇಲೆ ಹೇಝಲ್ ಪಟ್ಟಣದ ಆಸ್ಪತ್ರೆಯಲ್ಲಿ ಗಂಡು ಹೆತ್ತಳು. ಅಷ್ಟರಲ್ಲಿ ಗ್ರಾಮು ಬಂದಿತ್ತು. ನೋರಾ ಒಂದು ಚೀಟಿ ಹಿಡಿದು ವಿನಿಫ್ರೆಡ್ ಮನೆಗೆ ಬಂದಳು.

"ಮೂರು ಸಾವಿರದ ಇನ್ನೂರ ತೊಂಬತ್ತು ಅಂತೆ ನರ್ಸಮ್ಮ. ಇದೇನು ಮಗೂನೋ ಕಲ್ಲಿದ್ದಲೋ? ಮನುಷ್ಯರ ಭಾಷೇಲಿ ಹೇಳಿ."

"ಏಳು ಪೌಂಡ್ ನಾಲ್ಕು ಔನ್ಸ್."

"ದೇವರು ದೊಡ್ಡೋನು. ಇವನಮ್ಮ ಹುಟ್ಟಿದಾಗ ನಾಲ್ಕೇ ಇದ್ದಳು."

ವಿನಿಫ್ರೆಡ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾಲ್ಕಿರಲಿಲ್ಲ ನೋರಾ. ಮೂರು. ಸುಳ್ಳು ಹೇಳಿದ್ದೆ."

"ಗೊತ್ತಿತ್ತು."

"ಗೊತ್ತಿತ್ತಾ?"

"ಮದುವೆಗೆ ಮುಂಚೆ ಒಂಬತ್ತು ವರ್ಷ ದಿನಸಿ ಅಂಗಡೀಲಿ ನೀಲಿ ಪೊಟ್ಟಣಕ್ಕೆ ಸಕ್ಕರೆ ತೂಗಿದವಳು ನಾನು. ಕೂಸು ಕೈಗೆ ಬಂದಾಗಲೇ ಗೊತ್ತಾಯ್ತು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ತಕ್ಕಡಿ ಮುಳ್ಳನ್ನ ನೀವು ಮೂರು ಸಲ ನೋಡಿದ್ರಿ. ಧೈರ್ಯ ನನಗಿಂತ ನಿಮಗೇ ಬೇಕು ಅನ್ನಿಸ್ತು. ನಾನೂ ನಂಬಿಲ್ಲ ಅಂದ್ರೆ ಆ ಮನೇಲಿ ಇನ್ಯಾರು ನಂಬೋರು?"

ಇದನ್ನೆಲ್ಲ ನನಗೆ ಹೇಳಿದವರು ವಿನಿಫ್ರೆಡ್ಡೇ. ಆ ಮನೆಯನ್ನು ಎತ್ತಿಹಿಡಿದದ್ದು ತಾವೇ ಎಂದು ಅಷ್ಟು ವರ್ಷ ತಿಳಿದಿದ್ದರಂತೆ. ಅಂದು ಅವರ ಕಣ್ಣು ತುಂಬಿ ಬಂತು. ನೋರಾ ಎದ್ದು ಅಡುಗೆಮನೆಗೆ ಹೋಗಿ ಕೆಟಲ್ ಇಟ್ಟಳು. ಕಪಾಟು ತೆಗೆದು ಮುಚ್ಚಿದ ಸದ್ದಾಯಿತು. ಮದುವೆಯಾಗಿ ನಮ್ಮ ಕಣಿವೆಗೆ ಬಂದಂದಿನಿಂದ ನರ್ಸಮ್ಮ ಎಂದಲ್ಲದೆ ಬೇರೆ ಹೆಸರಿನಿಂದ ಕರೆಯದವಳು ಅಲ್ಲಿಂದಲೇ ಕೂಗಿದಳಂತೆ:

"ವಿನ್ನೀ, ಚಹಾಪುಡಿ ಎಲ್ಲಿಟ್ಟಿದ್ದೀಯೇ?"